ಒಗೆತನಕ್ಕೊಂದು ಬೆಲ್ಟು

ಇದು ನಡೆದ ಕತೆ. ನಡೆಯದೆ ನಿಂತುಹೋದ ಯಂತ್ರವೊಂದರ ಕತೆಯನ್ನು ನಡೆದ ಕತೆ ಎನ್ನುವುದು ಹೇಗೆ ಎಂದು ಯಾರಾದರೂ ತಕರಾರು ತೆಗೆಯಬಹುದು. ತೆಗೆಯಲಿ. ಅನುಮಾನ ಇದ್ದವರು ಕಳಸದ ಆಸುಪಾಸಿನಲ್ಲಿ ಯಾರನ್ನು ಬೇಕಾದರೂ ಕೇಳಬಹುದು, ಬಾಲರಾಜನೊಬ್ಬನನ್ನು ಬಿಟ್ಟು. ಅವನ ಮಾತನ್ನು ಯಾರೂ ನಂಬುವುದಿಲ್ಲ ಎನ್ನುವುದೇ ಈ ಕತೆಯ ತೊಂದರೆ.

ಬಾಲರಾಜ್ ಲಿಂಗಪ್ಪ ಗೌಡರ ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕತೆ ಕವಿತೆ ಬರೆಯುವವನಲ್ಲ. ಇವತ್ತು ಎಷ್ಟು ಆಳು ಬಂದರು, ಎಷ್ಟು ಹಣ್ಣು ಕೊಯ್ದರು ಎಂದು ಬರೆಯುವವನು. ಹುದ್ದೆ ರೈಟರ್ ಆದರೂ ಮನೆಯೊಳಗೆ ಅವನು ಮುಟ್ಟಿದ್ದೆಲ್ಲ ರಾಂಗ್ ಆಗುತ್ತದೆ ಎಂಬುದು ಹೆಂಡತಿ ಮೋನಿಕಾಳ ಅಭಿಪ್ರಾಯ. ಬಿ.ಎ. ಓದುವಾಗ ಪಾಠಕ್ಕಿಂತ ಪಾಠ ಮಾಡುವವರ ದನಿಯನ್ನೇ ಹೆಚ್ಚು ಕಲಿತು ಬಂದವನು. ಅವನ ಗಂಟಲಿನಲ್ಲಿ ಊರಿನ ಅರ್ಧ ಜನ ಬಾಡಿಗೆಗೆ ಇದ್ದರು: ಬ್ಯಾಂಕಿನ ಮ್ಯಾನೇಜರು, ಹಾಲಿನ ಡೈರಿಯ ಸೆಕ್ರೆಟರಿ, ಗಂಡಸರು, ಹೆಂಗಸರು, ಎಲ್ಲರಿಗಿಂತ ಮೇಲೆ ಲಿಂಗಪ್ಪ ಗೌಡರು. ಗೌಡರು ಮಾತಿಗೆ ಮೊದಲು ಉದ್ದಕ್ಕೆ ಒಮ್ಮೆ ಕೆಮ್ಮಿ, "ವಿಷಯಕ್ಕೆ ಬರೋಣ" ಎಂದು ಶುರು ಮಾಡಿ, ಆಮೇಲೆ ಕಾಲು ಗಂಟೆ ವಿಷಯದ ಹತ್ತಿರವೂ ಸುಳಿಯುತ್ತಿರಲಿಲ್ಲ. ಬಾಲರಾಜ್ ಅದನ್ನು ಮಾಡಿದರೆ ಗೌಡರ ನಾಯಿಯೇ ಎದ್ದು ನಿಲ್ಲುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಗೆ, "ಸಂಸಾರಕ್ಕೆ ಒಗೆತನ ಅಂತ ಯಾಕೆ ಅಂತಾರೆ ಗೊತ್ತಾ? ಅದರಲ್ಲಿ ಒಗೆಯೋದೇ ಮುಖ್ಯ" ಎಂದು ತಮಾಷೆ ಮಾಡಿದ್ದ. ಮೋನಿಕಾ ಹತ್ತು ವರ್ಷದ ಮೇಲೆ ಅದನ್ನು ನಿಜ ಮಾಡಿದಳು. ಮೂಡಿಗೆರೆಯಲ್ಲಿ ಮನೆ ಖಾಲಿ ಮಾಡುತ್ತಿದ್ದವರ ಹಳೆಯ ವಾಷಿಂಗ್ ಮೆಷಿನ್ ಒಂದನ್ನು ತಂದು, ಕ್ವಾರ್ಟರ್ಸಿನ ಹಿಂದಿನ ತಗಡಿನ ಮಾಡಿನ ಕೆಳಗೆ ಇಟ್ಟು, ರಕ್ಷಾ ಎಂಬವಳು ನಡೆಸುವ ಹೋಂಸ್ಟೇಯ ಬೆಡ್‌ಶೀಟು, ದಿಂಬಿನ ಕವರುಗಳನ್ನೆಲ್ಲ ಒಗೆದುಕೊಡುವ ಕೆಲಸ ಹಿಡಿದಳು. ಅದಕ್ಕೆ ಮೊದಲು ನಾಲ್ಕು ವರ್ಷ ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಳಿಜಾರಿನಲ್ಲಿ ಹಣ್ಣು ಕೊಯ್ದಿದ್ದಳು. ಸೊಂಟ ಅಲ್ಲೇ ಹಾಳಾದದ್ದು. ಆ ಚೀಲ ಮತ್ತೆ ಕಟ್ಟುವುದಿಲ್ಲ ಎಂದು ಮೆಷಿನ್ ಬಂದ ದಿನವೇ ಹೇಳಿದ್ದಳು.

ಜನವರಿಯ ಕೊನೆಯ ವಾರ. ಶನಿವಾರದಿಂದ ಸೋಮವಾರದವರೆಗೆ ಸಾಲು ರಜೆ. ಬುಧವಾರ ಬೆಳಿಗ್ಗೆ ಹೋಂಸ್ಟೇಯಿಂದ ಎರಡು ಮೂಟೆ ಬಂದವು, ಇಪ್ಪತ್ತೆರಡು ಬೆಡ್‌ಶೀಟು. ಹಿಂದೆಯೇ ರಕ್ಷಾಳ ವಾಯ್ಸ್ ಮೆಸೇಜು.

"ಮೋನಿಕಕ್ಕ, ಈ ಸಲ ಲೇಟ್ ಆಗೋ ಹಾಗೇ ಇಲ್ಲ. ಶನಿವಾರ ಒಂದು ಗಂಟೆಗೆ ಗೆಸ್ಟ್ ಬರ್ತಾರೆ. ಹೊಸ ವರ್ಷಕ್ಕೆ ಆದ ಹಾಗೆ ಆದ್ರೆ ಬೇಜಾರು ಮಾಡ್ಕೋಬೇಡಿ. ಚಿಕ್ಕಮಗಳೂರಿನ ಲಾಂಡ್ರಿಯವರು ದಿನಾ ಫೋನ್ ಮಾಡ್ತಿದ್ದಾರೆ, ಅವರಿಗೇ ಕೊಟ್ಟುಬಿಡ್ತೀನಿ."

ಮೋನಿಕಾ ಅದನ್ನು ಮೂರು ಸಲ ಕೇಳಿದಳು. ಬಾಲರಾಜ್ ಒಂದು ಸಲ ಕೇಳಿ, ರಕ್ಷಾಳ ದನಿಯಲ್ಲೇ ಅಷ್ಟನ್ನೂ ವಾಪಸ್ ಹೇಳಿ ತೋರಿಸಿದ. ಮೋನಿಕಾ ನಗಲಿಲ್ಲ.

ಮೊದಲ ಕಂತಿನ ಬೆಡ್‌ಶೀಟು ಒಳಗೆ ಹಾಕುವಾಗ ಬಾಲರಾಜ್ ಅವಳಿಗೆ ಕಾಣದ ಹಾಗೆ ತನ್ನ ಕಂಬಳಿಯನ್ನೂ ತುರುಕಿದ. ಕಂಬಳಿ ನೀರು ಕುಡಿಯಿತು. ಮೆಷಿನ್ನು ಹತ್ತು ನಿಮಿಷ ನರಳಿತು, ಆಮೇಲೆ ಹಂದಿಮರಿ ಹಿಡಿದಾಗ ಕಿರುಚುವಂತೆ ಒಮ್ಮೆ ಕಿರುಚಿ, ಸುಟ್ಟ ರಬ್ಬರಿನ ವಾಸನೆ ಬಿಟ್ಟು ನಿಂತಿತು. ಮೋಟಾರು ಒಳಗೊಳಗೇ ಗುಂಯ್‌ಗುಡುತ್ತಿತ್ತು. ಡ್ರಮ್ಮು ಮಾತ್ರ ಅಲ್ಲಾಡಲಿಲ್ಲ. ಮೋನಿಕಾ ಬಾಗಿಲು ತೆಗೆದು ಒಂದೊಂದೇ ಎಳೆದಳು. ಕೊನೆಗೆ ಬಂದ ಕಂಬಳಿಯನ್ನು ಎತ್ತಿ ಹಿಡಿದು, ಅವನ ಕಾಲ ಬುಡದಲ್ಲಿ ಬಿಟ್ಟಳು.

ಅದೇ ದಿನ ರಕ್ಷಾಳ ಮನೆಯ ಗೀಸರ್ ನೋಡಲು ರಿಪೇರಿಯವನೊಬ್ಬ ಬಂದಿದ್ದ. ಮೋನಿಕಾ ಅವನಿಗೆ ಹೇಳಿ ಕಳಿಸಿದ್ದಳು, ಅವನು ಗೇಟಿನ ತನಕ ಬಂದೂ ಬಂದ. ಬಾಲರಾಜ್ ಅವನನ್ನು ಅಲ್ಲಿಂದಲೇ ವಾಪಸ್ ಕಳಿಸಿದ.

"ಬೆಲ್ಟು ತಾನೆ? ನಮ್ಮ ತೋಟದ ಪಲ್ಪರ್ ಮೆಷಿನ್ನಿಗೆ ವರ್ಷಕ್ಕೆ ಎರಡು ಬೆಲ್ಟ್ ಹಾಕಿಸ್ತೀನಿ ಮೋನಿ."

"ಹಾಕಿಸ್ತೀರಿ," ಎಂದಳು ಮೋನಿಕಾ. "ಹಾಕಿದ್ದು ನಾನು ನೋಡಿಲ್ಲ."

ಹಿಂದಿನ ತಗಡು ಬಿಚ್ಚಲು ಎಂಟು ಸ್ಕ್ರೂ. ಏಳು ಬಿಚ್ಚಿದವು. ಎಂಟನೆಯದರ ತಲೆ ಸವೆದು ಅದು ಸುಮ್ಮನೆ ತಿರುಗುತ್ತ ಕೂತಿತು. ಇಡೀ ಯಂತ್ರದಲ್ಲಿ ಆಗ ತಿರುಗುತ್ತಿದ್ದದ್ದು ಅದೊಂದೇ. ಮುಕ್ಕಾಲು ಗಂಟೆ ಅದರ ಜೊತೆ ಜಗಳವಾಡಿ, ಕೊನೆಗೆ ತಗಡನ್ನೇ ಬಗ್ಗಿಸಿ ಒಳಗೆ ಕೈ ಹಾಕಿದ. ಹಿಂಭಾಗದಲ್ಲಿ ಊಟದ ತಟ್ಟೆಗಿಂತ ದೊಡ್ಡದಾದ ಚಕ್ರ, ಕೆಳಗೆ ಮೋಟಾರಿಗೆ ಅಂಟಿಕೊಂಡು ಹೆಬ್ಬೆರಳಷ್ಟು ದಪ್ಪದ ಪುಟ್ಟ ಚಕ್ರ, ಎರಡನ್ನೂ ಸುತ್ತಿಕೊಂಡು ಚಪ್ಪಟೆ ಕಪ್ಪು ಬೆಲ್ಟು. ಬೆಲ್ಟಿನ ಒಳಮೈಯಲ್ಲಿ ಉದ್ದಕ್ಕೆ ಐದು ಏಣು ಇರಬೇಕಿತ್ತು. ಮೂರು ನುಣ್ಣಗೆ ಸವೆದಿದ್ದವು, ಒಂದು ನಾರಿನಂತೆ ಸುಲಿದು ಜೋತಾಡುತ್ತಿತ್ತು. ಉಳಿದ ಒಂದರ ಮೇಲೆ ಎರಡು ವರ್ಷದಿಂದ ರಕ್ಷಾಳ ಹೋಂಸ್ಟೇ ನಡೆದಿತ್ತು.

ಜಾರುವ ಬೆಲ್ಟಿಗೆ ಹಿಂದೆಲ್ಲ ರೈಸ್ ಮಿಲ್ಲಿನಲ್ಲಿ ರಾಳ ಹಚ್ಚುತ್ತಿದ್ದರು ಎಂದು ಅವನಿಗೆ ಎಲ್ಲಿಂದಲೋ ನೆನಪು. ಮನೆಯಲ್ಲಿ ರಾಳ ಇರಲಿಲ್ಲ. ದೇವರ ಗೂಡಿನಲ್ಲಿ ಹಾಲುಮಡ್ಡಿ ಇತ್ತು, ಧೂಪಕ್ಕೆ ಹಾಕುವುದು. ಅಂಟು ಅಂಟೇ ತಾನೆ ಎಂದು ಅದನ್ನೇ ಕುಟ್ಟಿ ಪುಡಿ ಮಾಡಿ ಬೆಲ್ಟಿಗೆ ತಿಕ್ಕಿ, ಸ್ವಿಚ್ ಒತ್ತಿದ. ಡ್ರಮ್ಮು ಅರ್ಧ ಸುತ್ತು ಬಂದಿತು. ಮೋಟಾರಿನ ಚಕ್ರ ಬಿಸಿಯಾಗಿ, ಮೆಷಿನ್ನಿನ ಬೆನ್ನಿನಿಂದ ಪರಿಮಳದ ಹೊಗೆ ಸುರುಳಿ ಸುರುಳಿಯಾಗಿ ಏಳತೊಡಗಿತು.

ಮೋನಿಕಾ ಬಾಗಿಲಲ್ಲಿ ಬಂದು ನಿಂತಳು. "ಇದು ಪೂಜೆಯಾ, ತಿಥಿಯಾ?"

ಅವನಿಗೆ ಉತ್ತರವಾಗಿ ಎರಡು ಮೂರು ಪನ್ನುಗಳು, ಊರಿನವರು ಪಿಜೆ ಅಂದರೆ ಪೂರ್ ಜೋಕು ಎಂದು ಮೂಗು ಮುರಿಯುವಂಥವು, ನಾಲಗೆಯ ತುದಿಗೆ ಬಂದವು. ಅವಳ ಮುಖ ನೋಡಿ ನುಂಗಿಕೊಂಡ.

ಆಲ್ದೂರಿನಲ್ಲಿ ಜಾವೇದನ ಅಂಗಡಿ. ಬೆಲ್ಟು, ಬೇರಿಂಗು, ಪಲ್ಪರಿನ ಬಿಡಿಭಾಗ ಎಲ್ಲ ಅಲ್ಲಿ ಸಿಗುತ್ತವೆ. ಫೋನಿನಲ್ಲಿ ಹೇಳಿದರೆ ಕಳಸದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾನೆ, ಎರಡೂವರೆಗೆ ಎಸ್ಟೇಟ್ ಗೇಟಿನಲ್ಲಿ ನಿಂತರೆ ಸಾಮಾನು ಕೈಗೆ ಸಿಗುತ್ತದೆ. ಬುಧವಾರ ಸಂಜೆ ಬಾಲರಾಜ್ ಫೋನ್ ಮಾಡಿದ. ಅಂಗಡಿಯಲ್ಲಿ ಕೊಯ್ಲಿನ ಕಾಲದ ಗಲಾಟೆ ಕೇಳಿಸುತ್ತಿತ್ತು.

"ಜಾವೇದ್ ಭಾಯ್, ನಾನು ಬಾಲರಾಜ್. ವಾಷಿಂಗ್ ಮೆಷಿನ್ನಿಗೆ ಒಂದು ಬೆಲ್ಟ್ ಬೇಕಿತ್ತು, ಅರ್ಜೆಂಟು."

"ಎಲ್ಲರಿಗೂ ಅರ್ಜೆಂಟೇ ಮಾರಾಯ. ನಾಳೆ ಬಸ್ಸಿಗೆ ಹಾಕ್ತೀನಿ. ಗೌಡ್ರ ಹೆಸರಿಗೆ ಬರ್ಕೊಳ್ಳಲಾ?"

"ಬೇಡ, ನನ್ನ ಹೆಸರಿಗೆ."

"ನೀನ್ಯಾವಾಗ ತೋಟ ತಗೊಂಡೆ," ಎಂದು ಜಾವೇದ್ ಇಟ್ಟುಬಿಟ್ಟ. ಆ ಮಾತು ಯಾಕೆ ಬಂತೆಂದು ಬಾಲರಾಜನಿಗೆ ಹೊಳೆಯಲಿಲ್ಲ.

ಹೊಳೆದದ್ದು ಗುರುವಾರ ಎರಡೂವರೆಗೆ, ಕಂಡಕ್ಟರ್ ದೇವರಾಜ ಬಸ್ಸಿನಿಂದ ಬೆಲ್ಟನ್ನು ಅವನ ಕೊರಳಿಗೇ ಹಾಕಿದಾಗ. ಅದು ಕೊರಳಿಗೆ ಬಿದ್ದು, ಮೊಣಕಾಲು ದಾಟಿ, ಇನ್ನೂ ಜೋತಾಡುತ್ತಿತ್ತು. ದಪ್ಪ, ಮುಕ್ಕಾಲು ಅಂಗುಲ ಅಗಲ. ಜನವರಿಯಲ್ಲಿ ಎಸ್ಟೇಟಿನ ರೈಟರ್ ಒಬ್ಬ ವಾಷಿಂಗ್ ಎಂದರೆ ಈ ಸೀಮೆಯಲ್ಲಿ ಅರ್ಥ ಒಂದೇ: ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿದ ಕಾಫಿಬೀಜದ ಲೋಳೆ ತೊಳೆಯುವುದು. ಅದನ್ನು ತೊಳೆಯುವ ದೈತ್ಯ ಯಂತ್ರಕ್ಕೂ ವಾಷರ್ ಎಂದೇ ಹೆಸರು. ಜಾವೇದ್ ಕಳಿಸಿದ್ದು ಅದರ ಬೆಲ್ಟು.

ಮನೆಗೆ ಬಂದರೆ ಮೋನಿಕಾ ಹಿತ್ತಿಲಿನ ಕಲ್ಲಿನ ಹತ್ತಿರ ಕೈಯಲ್ಲೇ ಒಗೆಯಲು ಕೂತಿದ್ದಳು. ಆರು ಮುಗಿದಿದ್ದವು. ಏಳನೆಯದನ್ನು ಹಿಂಡುವಾಗ ಸೊಂಟ ಹಿಡಿದು, ಕಲ್ಲಿಗೆ ಕೈಯೂರಿ ನಿಂತಿದ್ದಳು. ಅವನ ಕೊರಳಿನ ಬೆಲ್ಟನ್ನು ನೋಡಿದಳು.

"ಯಾರು ಸನ್ಮಾನ ಮಾಡಿದ್ದು?"

ಅವನು ಹಳೆಯ ಬೆಲ್ಟನ್ನು ಸೀಮೆಎಣ್ಣೆಯಲ್ಲಿ ಒರೆಸಿದ. ಹಾಲುಮಡ್ಡಿಯ ಅಂಟಿನಡಿಯಿಂದ ಬಿಳಿಯ ಅಕ್ಷರ ಒಂದೊಂದಾಗಿ ಎದ್ದುಬಂದವು: 1192, ಆಮೇಲೆ ಪಿ, ಜೆ, ಆಮೇಲೆ 5. ಬುಧವಾರವೇ ಇದನ್ನು ಓದಿ ಹೇಳಿದ್ದರೆ ಇಷ್ಟು ಹೊತ್ತಿಗೆ ಸರಿಯಾದ ಬೆಲ್ಟು ಕೈಯಲ್ಲಿರುತ್ತಿತ್ತು. ಫೋನ್ ಎತ್ತಿದ.

"ಜಾವೇದ್ ಭಾಯ್, ಕಾಫಿದಲ್ಲ, ಮನೆಯ ಬಟ್ಟೆ ಒಗೆಯೋ ಮೆಷಿನ್ನು. ನಂಬರ್ ಹೇಳ್ತೀನಿ ಬರ್ಕೊಳ್ಳಿ. ಹನ್ನೊಂದು ತೊಂಬತ್ತೆರಡು, ಪಿಜೆ ಐದು."

ಆ ಕಡೆ ಪೆನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು.

"ಐದು ಪಿಜೆಯಾ," ಎಂದ ಜಾವೇದ್. "ನಿನ್ನ ಒಂದು ಪಿಜೆ ತಡೆಯೋದೇ ಕಷ್ಟ ಮಾರಾಯ. ನನ್ನ ಹತ್ರ ಎ ಬೆಲ್ಟ್ ಉಂಟು, ಬಿ ಬೆಲ್ಟ್ ಉಂಟು. ಪಿಜೆ ಇಡೀ ತಾಲೂಕಿಗೆ ನೀನೊಬ್ನೇ ಸಪ್ಲೈ."

"ತಮಾಷೆ ಅಲ್ಲ ಭಾಯ್, ಬೆಲ್ಟಿನ ಮೇಲೆ ಬರೆದಿದೆ."

"ಪಲ್ಪರಿನ ಸೈಲೆನ್ಸರ್ ಮೇಲೂ ಏನೋ ಬರೆದಿತ್ತಲ್ಲ," ಎಂದು ಜಾವೇದ್ ಇಟ್ಟ.

ಸೈಲೆನ್ಸರಿನ ಸಂಗತಿ ಹಿಂದಿನ ವರ್ಷದ್ದು. ಬಾಲರಾಜ್ ಲಿಂಗಪ್ಪ ಗೌಡರ ದನಿಯಲ್ಲಿ ಜಾವೇದನಿಗೆ ಫೋನ್ ಮಾಡಿ, ಪಲ್ಪರಿನ ಸದ್ದಿಗೆ ನಮ್ಮ ಮನೆಯವರಿಗೆ ಮಧ್ಯಾಹ್ನ ನಿದ್ದೆ ಬರುತ್ತಿಲ್ಲ, ಅದಕ್ಕೊಂದು ಸೈಲೆನ್ಸರ್ ಬೇಕು, ನಂಬರ್ ಇಂಥದ್ದು ಎಂದಿದ್ದ. ಜಾವೇದ್ ಎರಡು ದಿನ ಚಿಕ್ಕಮಗಳೂರು, ಹಾಸನ ಎಲ್ಲ ಕಡೆ ವಿಚಾರಿಸಿ, ಇಲ್ಲದ ವಸ್ತುವನ್ನು ಕೇಳಿ ಕೇಳಿ ನಗೆಪಾಟಲಾಗಿ, ನಿಜ ತಿಳಿದ ದಿನ ಬಾಲರಾಜನನ್ನು ವಾಟ್ಸ್ಯಾಪಿನಲ್ಲಿ ಬ್ಲಾಕ್ ಮಾಡಿದ್ದ. ಹಾಗಾಗಿ ಈಗ ಬೆಲ್ಟಿನ ಫೋಟೋ ಕಳಿಸಿದರೂ ಹೋಗಲಿಲ್ಲ. ಆರು ಸಲ ಫೋನ್ ಮಾಡಿದ. ಜಾವೇದ್ ಎತ್ತಲಿಲ್ಲ.

"ಕೊಡಿ ಇಲ್ಲಿ," ಎಂದು ಮೋನಿಕಾ ಕೈ ಒರೆಸಿಕೊಂಡು ತನ್ನ ಫೋನಿನಿಂದಲೇ ಮಾಡಿದಳು. ಅವಳು ಎಂದೂ ಜಾವೇದನ ಜೊತೆ ಮಾತಾಡಿದವಳಲ್ಲ.

"ಅಣ್ಣಾ, ನಾನು ರೈಟರ್ ಮನೆಯವರು ಮಾತಾಡೋದು. ಆ ಬೆಲ್ಟು ನಿಜವಾಗ್ಲೂ ಬೇಕಿತ್ತು."

"ಓಹೋ," ಎಂದ ಜಾವೇದ್. "ಹೆಂಗಸಿನ ದನಿ ಇಷ್ಟು ಚಂದ ಯಾವಾಗ ಕಲಿತೆ? ಪರವಾಗಿಲ್ಲ. ಸ್ವಲ್ಪ ಗಡಸಾಯ್ತು, ಅಷ್ಟೇ." ಇಟ್ಟ.

ಮೋನಿಕಾ ಫೋನನ್ನೇ ನೋಡುತ್ತ ನಿಂತಳು. "ನನ್ನ ದನಿ ಗಡಸಾ?"

"ಇಲ್ಲ ಮೋನಿ. ನಾನು ಹೆಂಗಸಿನ ದನಿ ಮಾಡಿದ್ರೆ ಅದು ಸ್ವಲ್ಪ ಮೆತ್ತಗೆ ಬರ್ತದೆ, ಹಾಗಾಗಿ ಅವನಿಗೆ..."

"ಸಾಕು," ಎಂದಳು. "ನಿಮ್ಮಿಂದ ನನ್ನ ಮೆಷಿನ್ ಹೋಯ್ತು, ಸೊಂಟ ಹೋಯ್ತು, ಈಗ ದನಿಯೂ ಹೋಯ್ತು. ಶನಿವಾರ ಕೆಲಸಾನೂ ಹೋಗ್ತದೆ. ಮಂಗಳವಾರದಿಂದ ನನ್ನ ಹೆಸರನ್ನೂ ನಿಮ್ಮ ಪುಸ್ತಕದಲ್ಲಿ ಬರ್ಕೊಳ್ಳಿ, ಕೊಯ್ಲಿನ ಆಳುಗಳ ಜೊತೆ."

ಆ ಮಾತನ್ನು ಅವಳು ಸಿಟ್ಟಿನಿಂದ ಹೇಳಿದ್ದರೆ ಸಹಿಸಬಹುದಿತ್ತು. ಲೆಕ್ಕ ಹಾಕಿ ಹೇಳಿದವಳಂತೆ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಅವನು ಕಳಸಕ್ಕೆ ಹೋಗಿ ಇದ್ದ ಎರಡು ಅಂಗಡಿ ವಿಚಾರಿಸಿ ಬಂದ. ಒಂದರಲ್ಲಿ ಹೊಲಿಗೆ ಮೆಷಿನ್ನಿನ ಬೆಲ್ಟ್ ತೋರಿಸಿದರು, ಇನ್ನೊಂದರಲ್ಲಿ ಮಂಗಳವಾರ ಬನ್ನಿ ಎಂದರು. ಇನ್ನು ತಾನೇ ಆಲ್ದೂರಿಗೆ ಹೋಗಿ ಜಾವೇದನ ಎದುರು ನಿಲ್ಲದೆ ದಾರಿಯಿಲ್ಲ. ದನಿಯನ್ನು ನಂಬದಿದ್ದರೆ ಮುಖವನ್ನಾದರೂ ನಂಬುತ್ತಾನೆ. ಅರ್ಧ ದಿನ ರಜೆ ಕೇಳಲು ಕಾಫಿ ಒಣಗಿಸುವ ಕಣದ ಹತ್ತಿರ ಲಿಂಗಪ್ಪ ಗೌಡರನ್ನು ಹುಡುಕಿಕೊಂಡು ಹೋದ.

ಗೌಡರು ಪೂರ್ತಿ ಕೇಳಿಸಿಕೊಂಡರು. ಉದ್ದಕ್ಕೆ ಕೆಮ್ಮಿದರು.

"ವಿಷಯಕ್ಕೆ ಬರೋಣ. ಇವತ್ತು ರಜೆ ಅಂದ್ರೆ ಹೇಗ್ರೀ, ಎಪ್ಪತ್ತು ಆಳು ಇದಾರೆ, ಹಣ್ಣು ತೂಗೋರು ಯಾರು? ನಮ್ಮ ತಂದೆ ಕಾಲದಲ್ಲಿ ಒಬ್ಬ ರೈಟರ್ ಇದ್ದ..." ಆ ರೈಟರು ತೀರಿಹೋಗುವ ತನಕ ಕತೆ ಹೋಯಿತು. "ಅದಿರ್ಲಿ. ಜಾವೇದ ತಾನೆ, ನಾನೇ ಹೇಳ್ತೀನಿ. ನನ್ನ ಫೋನಿಗೆ ಇಲ್ಲಿ ರೇಂಜ್ ಇಲ್ಲ, ನಿಮ್ಮದು ಕೊಡಿ."

ಬೇಡ ಎನ್ನಲು ಬಾಲರಾಜನಿಗೆ ಕಾರಣ ಸಿಗಲಿಲ್ಲ. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ. ಗೌಡರು ಸ್ಪೀಕರ್ ಹಾಕಿ ಫೋನನ್ನು ಬಾಯಿಯ ಮುಂದೆ ತಟ್ಟೆಯ ಹಾಗೆ ಹಿಡಿದರು. ಈ ಸಲ ಜಾವೇದ್ ಎತ್ತಿದ.

ಗೌಡರು ಕೆಮ್ಮಿದರು. "ಜಾವೇದಾ, ನಾನು ಲಿಂಗಪ್ಪ. ವಿಷಯಕ್ಕೆ ಬರೋಣ..."

"ಬನ್ನಿ, ಬನ್ನಿ," ಎಂದಿತು ಫೋನು. "ಕೆಮ್ಮು ಜಾಸ್ತಿ ಎಳೆದೆ ಮಾರಾಯ, ಗೌಡ್ರದ್ದು ಇಷ್ಟು ಉದ್ದ ಇಲ್ಲ. ಆದ್ರೆ ವಿಷಯಕ್ಕೆ ಬರೋಣ ಅಂದದ್ದು ಮಾತ್ರ ಕರೆಕ್ಟ್ ಉಂಟು. ಈಗ ಹತ್ತು ನಿಮಿಷ ವಿಷಯಕ್ಕೆ ಬರದಿದ್ರೆ ಪೂರ್ತಿ ಗೌಡ್ರೇ."

"ಯಾರು ಬರೋದಿಲ್ಲ?" ಎಂದರು ಗೌಡರು.

"ಅದೇ, ನಿಮ್ಮ ಮುದುಕ. ಹೋದ್ವರ್ಷ ಸೈಲೆನ್ಸರ್ ಕೇಳಿದವ."

ಕಣದಲ್ಲಿ ಬೀಜ ಹರಡುತ್ತಿದ್ದ ಹೆಂಗಸರ ಕೈ ನಿಂತಿತು. ಬಾಲರಾಜ್ ತನ್ನ ಚಪ್ಪಲಿಯ ಉಂಗುಷ್ಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಗೌಡರು ಅವನನ್ನು ನೋಡಿದರು, ಫೋನನ್ನು ನೋಡಿದರು, ಮತ್ತೆ ಅವನನ್ನು ನೋಡಿದರು. ಆಮೇಲೆ ಸ್ಪೀಕರ್ ತೆಗೆದು, ಫೋನನ್ನು ಕಿವಿಗೆ ಹಿಡಿದು, ಕಣದ ಆಚೆ ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಐದು ನಿಮಿಷ ಮಾತಾಡಿದರು. ಒಮ್ಮೆ ಅವರ ಭುಜ ಅಲುಗಿದ ಹಾಗೆ ಕಂಡಿತು. ಸಿಟ್ಟಿಗೋ ಕೆಮ್ಮಿಗೋ ಹೇಳುವುದು ಕಷ್ಟ.

ವಾಪಸ್ ಬಂದು ಫೋನ್ ಕೊಟ್ಟರು.

"ಬೆಲ್ಟ್ ಕಳಿಸ್ತಾರಾ ಗೌಡ್ರೇ?"

"ಎರಡೂವರೆ ಬಸ್ಸು ನೋಡಿ." ಹೋಗಲು ತಿರುಗಿದವರು ನಿಂತರು. "ನಾನು ಎಳೀತೀನೇನ್ರೀ, ಕೆಮ್ಮನ್ನ?"

"ಇಲ್ಲ ಗೌಡ್ರೇ. ನಾನೇ ಎಳೆಯೋದು."

ಆ ಮುಖದಲ್ಲಿ ಏನೂ ಓದಲಾಗಲಿಲ್ಲ. ಬೆಲ್ಟು ಬರುತ್ತದೋ, ಬಂದರೆ ಯಾವುದು ಬರುತ್ತದೋ, ನಾಳೆಯಿಂದ ತನಗೆ ಕೆಲಸ ಇರುತ್ತದೋ, ಒಂದೂ ಗೊತ್ತಿಲ್ಲದೆ ಹನ್ನೆರಡೂವರೆಗೆ ಊಟಕ್ಕೆ ಮನೆಗೆ ಬಂದ. ಮೋನಿಕಾ ಮತ್ತೆ ಕಲ್ಲಿನ ಹತ್ತಿರ. ಅನ್ನ ಹಾಕಿಕೊಂಡವನಿಗೆ ಬಟ್ಟೆ ಕಲ್ಲಿಗೆ ಬಡಿಯುವ ಸದ್ದು ಕೇಳುತ್ತಿತ್ತು, ಎರಡು ಬಡಿತದ ನಡುವೆ ತಡವಾಗುತ್ತ ಹೋಗುವುದೂ ಕೇಳುತ್ತಿತ್ತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಎದ್ದು ಮೆಷಿನ್ನಿನ ಹಿಂದೆ ಹೋದ. ಸುಮ್ಮನೆ ಕೂರಲಾಗದವನು ಮಾಡುವ ಕೆಲಸವನ್ನೇ ಮಾಡಿದ. ಸೊಂಟದ ಬೆಲ್ಟನ್ನು ಬಿಚ್ಚಿ, ಬಕ್ಕಲ್ ಕತ್ತರಿಸಿ ಎಸೆದು, ಎರಡು ತುದಿಯನ್ನೂ ದಬ್ಬಳ ಹಾಕಿ ಕಾಫಿ ಚೀಲದ ದಾರದಲ್ಲಿ ಹೊಲಿದ. ಅಳತೆ ನಾಲ್ಕು ಬೆರಳು ಕಡಿಮೆ ಬಂದದ್ದಕ್ಕೆ ದಾರವನ್ನೇ ಹೆಣೆದು ತುಂಬಿಸಿದ. ಕೆಳಗಿನ ಚಕ್ರಕ್ಕೆ ಸಿಕ್ಕಿಸಿ, ಮೇಲಿನದಕ್ಕೆ ಏರಿಸಿ, ಸ್ವಿಚ್ ಒತ್ತಿದ. ಡ್ರಮ್ಮು ತಿರುಗಿತು. ಮೋನಿಕಾ ಸದ್ದು ಕೇಳಿ ಒದ್ದೆ ಕೈಯಲ್ಲೇ ಓಡಿಬಂದಳು. ಹನ್ನೊಂದು ಸುತ್ತು ತಿರುಗಿತು, ಅವಳು ಎಣಿಸಿದಳು. ಹನ್ನೆರಡನೆಯದಕ್ಕೆ ಹೊಲಿಗೆ ಬಿಚ್ಚಿ, ಬೆಲ್ಟು ಚಾಟಿಯಂತೆ ಹಾರಿ ತಗಡಿಗೆ ಬಡಿದು, ಸೋಪಿನ ಡಬ್ಬಿಯನ್ನು ಉರುಳಿಸಿ ಬಿತ್ತು. ಮೋನಿಕಾ ಡಬ್ಬಿಯನ್ನು ನೆಟ್ಟಗೆ ಇಟ್ಟು ವಾಪಸ್ ಹೋದಳು.

ಗಂಟೆ ನೋಡಿದರೆ ಎರಡು ಇಪ್ಪತ್ತು. ಪ್ಯಾಂಟಿಗೆ ಅದೇ ಚೀಲದ ದಾರ ಕಟ್ಟಿಕೊಂಡು ಗೇಟಿಗೆ ಓಡಿದ.

ಬಸ್ಸು ಬಂದು ನಿಂತಿತು. ರಜೆಗೆ ಮುಂಚಿನ ದಿನ, ಒಳಗೆ ಕಾಲಿಡಲು ಜಾಗವಿಲ್ಲ. ದೇವರಾಜ ಮೆಟ್ಟಿಲಲ್ಲಿ ನಿಂತು ಪೇಪರಿನಲ್ಲಿ ಸುತ್ತಿದ ಪೊಟ್ಟಣ ಕೊಟ್ಟ. ಯಾವತ್ತೂ ಕೊಟ್ಟ ಕೂಡಲೇ ಸೀಟಿ ಹೊಡೆಯುವವನು ಇವತ್ತು ಹೊಡೆಯಲಿಲ್ಲ.

"ಬಿಚ್ಚಿ ನೋಡಿ ರೈಟರ್ರೇ. ನಿನ್ನೆಯದು ತಪ್ಪು ಬಂದಿತ್ತಂತಲ್ಲ."

ಬಾಲರಾಜ್ ಅಲ್ಲೇ ಹರಿದ. ಒಳಗಿದ್ದದ್ದು ಕಂದು ಬಣ್ಣದ, ಹೊಳೆಯುವ ದೊಡ್ಡ ಬಕ್ಕಲಿನ, ಪ್ಯಾಂಟಿಗೆ ಹಾಕುವ ಬೆಲ್ಟು. ಜೊತೆಗೊಂದು ಚೀಟಿ: "ಇದರಲ್ಲಿ ಐದು ತೂತು ಇದೆ. ಒಂದೊಂದಕ್ಕೆ ಒಂದೊಂದು ಪಿಜೆ ಹೇಳುತ್ತ ಬಿಗಿ ಮಾಡುವುದು. ಲಿಂಗಪ್ಪ ಗೌಡರು ಹೇಳಿದ ಪ್ರಕಾರ, ಜಾವೇದ್."

ದೇವರಾಜ ಅದನ್ನು ಬಗ್ಗಿ ಇಡೀ ಬಸ್ಸಿಗೆ ಕೇಳುವ ಹಾಗೆ ಓದಿದ. ಕಿಟಕಿಗಳಲ್ಲಿ ಮುಖಗಳು ತುಂಬಿಕೊಂಡವು.

ಬಾಲರಾಜನಿಗೆ ನಗು ಬರಲಿಲ್ಲ. ಕಣ್ಣ ಮುಂದೆ ಕಲ್ಲಿಗೆ ಕೈಯೂರಿ ನಿಂತ ಮೋನಿಕಾ ಬಂದಳು. ನಾಳೆ ಒಂದು ಗಂಟೆ ಬಂತು. ಮಂಗಳವಾರ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ತಾನೇ ಬರೆಯಬೇಕಾದ ಹೆಸರೂ ಬಂತು. ಬಾಯಿಂದ ಹೊರಟದ್ದು ಯಾರ ದನಿಯೂ ಅಲ್ಲ, ಅವನದ್ದೇ, ಅದೂ ಒಡೆದದ್ದು.

"ದೇವರಾಜಣ್ಣ, ತಮಾಷೆ ಅಲ್ಲ. ನಂಬಿ. ಅವಳ ಕೆಲಸ ಹೋಗ್ತದೆ," ಎನ್ನುತ್ತ ಎರಡೂ ಕೈ ಎತ್ತಿ ಮುಗಿದ.

ಮುಗಿಯಬಾರದಿತ್ತು. ಉಸಿರೆಳೆದು ಕೈಯೆತ್ತಿದ ಹೊತ್ತಿಗೆ ಚೀಲದ ದಾರ ಪಟ್ಟೆಂದಿತು. ಪ್ಯಾಂಟನ್ನು ಅವನು ಮೊಣಕಾಲಿನ ಹತ್ತಿರ ಹಿಡಿದ.

ಮುಂದಿನ ಕಿಟಕಿಯಲ್ಲಿ ಕೂತಿದ್ದ, ಎಸ್ಟೇಟಿನಲ್ಲೇ ಮುದುಕಿಯಾದ ದ್ಯಾವಮ್ಮ ಸಮಾಧಾನವಾಗಿ ಹೇಳಿದಳು: "ಮೊದ್ಲು ಕೈಯಲ್ಲಿರೋದನ್ನ ಕಟ್ಕೊ ಮಾರಾಯ. ಮಾತು ಆಮೇಲಾಡು."

ನಲವತ್ತು ಜನ ನೋಡುತ್ತಿರುವಾಗ ಅವನು ಜಾವೇದ್ ಕಳಿಸಿದ ಬೆಲ್ಟನ್ನು ಹಾಕಿಕೊಂಡ. ಬಸ್ಸು ಬಸ್ಸೇ ಕುಲುಕುವಂತೆ ನಕ್ಕಿತು. ದೇವರಾಜ ಕಣ್ಣೊರೆಸಿಕೊಂಡು ಸೀಟಿ ಹೊಡೆದ. ಬಸ್ಸು ಹೊರಟಿತು. ಬಾಲರಾಜ್ ಪಕ್ಕದಲ್ಲೇ ಓಡುತ್ತ ತಗಡು ಬಡಿದ.

"ನನ್ನ ಮೆಷಿನ್ನಿನ ಬೆಲ್ಟ್ ಎಲ್ಲಿ?"

"ಅದು ಡ್ರೈವ್ ಬೆಲ್ಟ್ ಅಲ್ವಾ?" ಎಂದು ದೇವರಾಜ ಮೆಟ್ಟಿಲಿಂದ ಕೂಗಿದ. "ಡ್ರೈವರ್ ಹತ್ರ ಕೇಳಿ."

ಬಸ್ಸು ಹತ್ತು ಮಾರು ಹೋಗಿ ನಿಂತಿತು. ಡ್ರೈವರ್ ದಾಸಯ್ಯ, ಎಂದೂ ಯಾರ ಜೊತೆಯೂ ಮಾತಾಡದ ಗಂಭೀರ ಮನುಷ್ಯ, ಕೊರಳಿನಿಂದ ಒಂದು ಚಪ್ಪಟೆ ಕಪ್ಪು ಬೆಲ್ಟನ್ನು ತೆಗೆದು, ತಿರುಗಿಯೂ ನೋಡದೆ ಕಿಟಕಿಯಿಂದ ಹೊರಗೆ ಹಿಡಿದ. ಬಾಲರಾಜ್ ಅದನ್ನು ತಿರುಗಿಸಿ ಅಕ್ಷರ ಹುಡುಕಿದ. 1192. ಪಿಜೆ. 5. ಗೌಡರ ಫೋನು ಬಂದ ಕೂಡಲೇ ಚಿಕ್ಕಮಗಳೂರಿನಿಂದ ಬಸ್ಸಿಗೆ ಹಾಕಿಸಿ, ಆಲ್ದೂರಿನಲ್ಲಿ ಜಾವೇದ್ ಕೈ ಬದಲಿಸಿ ಕಳಿಸಿದ್ದನೆಂದು ಆಮೇಲೆ ಗೊತ್ತಾಯಿತು.

ಡ್ರೈವ್ ಬೆಲ್ಟು, ಡ್ರೈವರ್ ಹತ್ತಿರ. ಮನೆಯ ದಾರಿಯಲ್ಲಿ ಅದು ಎರಡು ಸಲ ನೆನಪಾಯಿತು. ತನಗೆ ಹೊಳೆಯಬೇಕಿದ್ದ ಪನ್ನು. ಆದರೆ ಡ್ರಮ್ಮು ತಿರುಗುವ ತನಕ ಯಾವ ಪನ್ನೂ ಬೇಡವಾಗಿತ್ತು.

ಡ್ರಮ್ಮು ಅಷ್ಟು ಬೇಗ ತಿರುಗಲೂ ಇಲ್ಲ. ಹೊಸ ಬೆಲ್ಟು ಎಷ್ಟು ಬಿಗಿ ಇತ್ತೆಂದರೆ ಕೆಳಗಿನ ಚಕ್ರಕ್ಕೆ ಕೂರಿಸಿದರೆ ಮೇಲಿನದಕ್ಕೆ ಹತ್ತುವುದಿಲ್ಲ, ಮೇಲಿನದಕ್ಕೆ ಹತ್ತಿಸಿದರೆ ಕೆಳಗಿನದರಿಂದ ಹಾರುತ್ತದೆ. ಒಮ್ಮೆ ಹೆಬ್ಬೆರಳು ನಡುವೆ ಸಿಕ್ಕಿ ಉಗುರು ಕಪ್ಪಾಯಿತು. ಒಮ್ಮೆ ಹತ್ತಿತು ಎಂದುಕೊಂಡರೆ ಒಂದು ಏಣು ಅಂಚಿನಿಂದ ಹೊರಗೆ ಕೂತಿತ್ತು. ಕೊನೆಗೆ ಮೋನಿಕಾ ಬಂದು ಪಕ್ಕದಲ್ಲಿ ಕೂತಳು. ಅವನು ಬೆಲ್ಟನ್ನು ದೊಡ್ಡ ಚಕ್ರದ ಅಂಚಿಗೆ ಒತ್ತಿ ಹಿಡಿದ, ಅವಳು ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದಳು. ತಿರುಗುತ್ತ ತಿರುಗುತ್ತ ಅದು ತಾನಾಗಿ ಏರಿ ಕೂತಿತು. ಇಬ್ಬರೂ ಉಸಿರು ಬಿಟ್ಟರು. ಅವನು ಸ್ವಿಚ್ ಒತ್ತಿದ. ಕರೆಂಟಿರಲಿಲ್ಲ.

ಕರೆಂಟು ಬಂದದ್ದು ನಾಲ್ಕೂಕಾಲಿಗೆ. ಆ ಒಂದು ಗಂಟೆ ಇಬ್ಬರೂ ಮೆಷಿನ್ನಿನ ಎರಡು ಬದಿಗೆ ಕೂತು ಬಲ್ಬನ್ನು ನೋಡಿದರು. ಬಲ್ಬು ಹತ್ತಿತು, ಡ್ರಮ್ಮು ತಿರುಗಿತು. ಮೋನಿಕಾ ಹನ್ನೊಂದರ ತನಕ ಎಣಿಸಿದಳು, ಹನ್ನೆರಡೂ ಎಣಿಸಿದಳು, ಆಮೇಲೆ ಎಣಿಸುವುದನ್ನು ಬಿಟ್ಟು ಇನ್ನೊಂದು ಕಂತು ವಿಂಗಡಿಸಲು ಎದ್ದಳು.

ಶನಿವಾರ ಬೆಳಗಿನ ಬಿಸಿಲು ಚೆನ್ನಾಗಿ ಬಿತ್ತು. ಹನ್ನೆರಡು ಮುಕ್ಕಾಲಿಗೆ ಇಬ್ಬರೂ ಮೂಟೆ ಹೊತ್ತು ಹೋಂಸ್ಟೇಗೆ ಮುಟ್ಟಿಸಿದರು. ರಕ್ಷಾ ಮೇಲಿನ ಎರಡು ಬೆಡ್‌ಶೀಟು ಬಿಡಿಸಿ ನೋಡಿ, ಮೂಸಿ, "ಎಂತದೋ ಧೂಪದ ಪರಿಮಳ ಬರ್ತಿದೆ, ಚೆನ್ನಾಗಿದೆ. ಗೆಸ್ಟಿಗೆ ಇಷ್ಟ ಆಗ್ತದೆ" ಎಂದಳು. ಮುಂದಿನ ವಾರದ ಮೂಟೆ ಮಂಗಳವಾರ ಕಳಿಸುವುದಾಗಿ ಹೇಳಿದಳು. ಮೋನಿಕಾ ತಲೆಯಾಡಿಸಿ, ರಸ್ತೆಗೆ ಬಂದ ಮೇಲೆ ಸೊಂಟದ ಮೇಲೆ ಎರಡೂ ಕೈಯಿಟ್ಟು ಒಮ್ಮೆ ಹಿಂದಕ್ಕೆ ಬಾಗಿ ಸೆಟೆದಳು.

ವಾಪಸ್ ಹೋಗಲು ಹತ್ತಿದ ಬಸ್ಸು ದೇವರಾಜನದ್ದು. ಇವರಿಬ್ಬರೂ ಹಿಂಬಾಗಿಲಿನಿಂದ ಹತ್ತಿ ಜನರ ನಡುವೆ ನಿಂತರು. ದೇವರಾಜ ಮುಂದಿನ ಬಾಗಿಲ ಹತ್ತಿರ ಬೆನ್ನು ಹಾಕಿ ನಿಂತು, ಹೊಸದಾಗಿ ಹತ್ತಿದವರಿಗೆ ಹಿಂದಿನ ದಿನದ ಸಂಗತಿಯನ್ನು ಮಾಡಿ ತೋರಿಸುತ್ತಿದ್ದ. ಟಿಕೆಟ್ ಮೆಷಿನ್ನನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡು ಕೈಯೆತ್ತಿ ಮುಗಿದು, ಒಡೆದ ದನಿಯಲ್ಲಿ, "ದೇವರಾಜಣ್ಣ, ತಮಾಷೆ ಅಲ್ಲ. ನಂಬಿ" ಎಂದ. ಆಮೇಲೆ ಸರಕ್ಕನೆ ಬಗ್ಗಿ ಮೊಣಕಾಲು ಹಿಡಿದುಕೊಂಡ.

ದನಿ ಸ್ವಲ್ಪ ಕೀರಲಾಗಿತ್ತು, ಬಗ್ಗಿದ್ದು ಅತಿಯಾಗಿತ್ತು. ಆದರೆ ಆ "ನಂಬಿ" ಎಂಬ ಎರಡಕ್ಷರ ಬಾಲರಾಜನದ್ದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಷ್ಟು ವರ್ಷ ಊರಿನವರನ್ನೆಲ್ಲ ಮಾಡಿ ತೋರಿಸಿದವನು ತನ್ನನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಮೋನಿಕಾ ಸೆರಗು ಬಾಯಿಗೆ ಒತ್ತಿಕೊಂಡು ಅವನ ಕಡೆ ನೋಡಿದಳು. ಅವನ ತುಟಿ ಅದುರಿತು, ಭುಜ ಅಲುಗಿತು, ಮೇಲಿನ ಕಂಬಿ ಹಿಡಿದಿದ್ದ ಕೈ ಜಾರಿತು. ಬಸ್ಸಿನವರೆಲ್ಲ ನಗುತ್ತಿದ್ದರು, ದಾಸಯ್ಯನೂ ಕನ್ನಡಿಯಲ್ಲಿ ಹಲ್ಲು ತೋರಿಸಿದ್ದ. ಆದರೆ ಹಿಂದಿನಿಂದ ಎದ್ದ ಆ ಒಂದು ನಗು ಎಷ್ಟು ದೊಡ್ಡದಿತ್ತೆಂದರೆ, ದೇವರಾಜ ಬಗ್ಗಿದವನು ಬಗ್ಗಿದ ಹಾಗೆಯೇ ತಿರುಗಿ, ಯಾರಪ್ಪಾ ಅದು ಎಂದು ನೋಡಿದ.